ಉಪ್ಪಿನ ಲೆಕ್ಕ: ಪ್ರಶಾಂತ ಚಂದ್ರ ಮಹಲನೋಬಿಸ್ ಅವರ ಬದುಕು

ಜೂನ್ 29 ಬಂತೆಂದರೆ ನಮ್ಮ ವಾಣಿಜ್ಯ ವಿಭಾಗದ ಸೂಚನಾ ಫಲಕದಲ್ಲಿ ಒಂದು ಕಪ್ಪು ಬಿಳುಪು ಫೋಟೋ ಕಾಣಿಸಿಕೊಳ್ಳುತ್ತದೆ. ಕೆಳಗೆ ಸಂಖ್ಯಾಶಾಸ್ತ್ರ ದಿನ ಎಂದು ಬರೆದಿರುತ್ತದೆ. 2007ರಿಂದ ದೇಶದಲ್ಲೆಲ್ಲ ಈ ದಿನವನ್ನು ಆಚರಿಸುತ್ತಾರೆ. ಕಳೆದ ವರ್ಷ ನಾನು ಆ ಫೋಟೋದ ಮುಂದೆ ನಿಂತು ಹೆಸರು ಓದಿ, ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ ಎಂದುಕೊಂಡು ಕ್ಯಾಂಟೀನ್ ಕಡೆಗೆ ಹೋಗಿದ್ದೆ. ಸರಾಸರಿ, ಮಧ್ಯಾಂಕ, ಬಹುಲಕ ಎಂದು ಬಾಯಿಪಾಠ ಮಾಡುವ ನಮಗೆ ಈ ಲೆಕ್ಕಗಳು ಯಾರ ಹೊಟ್ಟೆಗೆ ಅನ್ನ ಹಾಕಿದವು, ಯಾರ ಊರನ್ನು ನೀರಿನಿಂದ ಉಳಿಸಿದವು ಎಂಬುದು ಗೊತ್ತಿರುವುದಿಲ್ಲ. ಈ ವರ್ಷ ಸರ್ ಅವರ ಬಗ್ಗೆ ಬರೆಯಲು ನನಗೇ ಹೇಳಿದರು. ಓದುತ್ತಾ ಹೋದಂತೆ ಒಂದು ಅಂಕದ ಮನುಷ್ಯ ದೊಡ್ಡವರಾಗುತ್ತಾ ಹೋದರು.

ಪ್ರಶಾಂತ ಚಂದ್ರ ಮಹಲನೋಬಿಸ್ ಹುಟ್ಟಿದ್ದು 1893ರ ಜೂನ್ 29ರಂದು, ಕಲ್ಕತ್ತೆಯಲ್ಲಿ. ಮನೆತನ ಬ್ರಹ್ಮಸಮಾಜದ್ದು. ಅಜ್ಜ ಗುರುಚರಣ ಅವರು ಆ ಕಾಲದಲ್ಲೇ ವಿಧವೆಯೊಬ್ಬರನ್ನು ಮದುವೆಯಾದವರು. ಮೊಮ್ಮಗ ಬ್ರಹ್ಮ ಬಾಲಕರ ಶಾಲೆಯಲ್ಲಿ ಓದಿ, ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿ 1912ರಲ್ಲಿ ಭೌತಶಾಸ್ತ್ರದಲ್ಲಿ ಪದವಿ ಪಡೆದರು. ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರೇ ಅವರಂಥವರು ಅಲ್ಲಿ ಪಾಠ ಹೇಳುತ್ತಿದ್ದ ಕಾಲ ಅದು. ಅಂದರೆ ಭಾರತದ ಸಂಖ್ಯಾಶಾಸ್ತ್ರದ ಪಿತಾಮಹ ಎನಿಸಿಕೊಂಡವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವರೇ ಅಲ್ಲ. ಓದೋಣವೆಂದರೆ ಆಗ ನಮ್ಮ ದೇಶದ ಯಾವ ಕಾಲೇಜಿನಲ್ಲೂ ಆ ವಿಭಾಗ ಇರಲಿಲ್ಲ.

1913ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಸೇರಬೇಕೆಂದಿದ್ದುದು ಲಂಡನ್ ವಿಶ್ವವಿದ್ಯಾಲಯಕ್ಕೆ. ಒಂದು ದಿನ ಊರು ನೋಡಲು ಕೇಂಬ್ರಿಡ್ಜ್‌ಗೆ ಹೋದವರು ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಚೆಲುವಿಗೆ ಮರುಳಾಗಿ ಹೊತ್ತು ಹೋದದ್ದೇ ತಿಳಿಯದೆ ಲಂಡನ್ನಿನ ಕೊನೆಯ ರೈಲನ್ನು ತಪ್ಪಿಸಿಕೊಂಡರು. ಆ ರಾತ್ರಿ ಸ್ನೇಹಿತರ ಕೋಣೆಯಲ್ಲಿ ಉಳಿದಾಗ, ಇಷ್ಟು ಮೆಚ್ಚಿದ್ದರೆ ಇಲ್ಲೇ ಸೇರಬಾರದೇಕೆ ಎಂಬ ಮಾತು ಬಂತು. ಮರುದಿನವೇ ವಿಚಾರಿಸಿದರು, ಸೀಟು ಸಿಕ್ಕಿತು. ನಾವು ಬಸ್ಸು ತಪ್ಪಿಸಿಕೊಂಡರೆ ಮೊದಲ ಪೀರಿಯಡ್‌ನ ಹಾಜರಾತಿ ಹೋಗುತ್ತದೆ, ಅವರಿಗೆ ಕಿಂಗ್ಸ್ ಕಾಲೇಜು ಸಿಕ್ಕಿತು!

ಕೇಂಬ್ರಿಡ್ಜ್‌ನಲ್ಲಿ ಅವರಿಗೆ ಶ್ರೀನಿವಾಸ ರಾಮಾನುಜನ್ ಅವರ ಗೆಳೆತನವಾಯಿತು. ಒಂದು ಭಾನುವಾರ ರಾಮಾನುಜನ್ ಒಲೆಯ ಮುಂದೆ ತರಕಾರಿ ಕೈಯಾಡಿಸುತ್ತಿದ್ದರು. ಮಹಲನೋಬಿಸ್ ಪಕ್ಕದಲ್ಲಿ ಕುಳಿತು ಪತ್ರಿಕೆಯಲ್ಲಿ ಬಂದಿದ್ದ ಒಂದು ಒಗಟು ಓದಿದರು. ಒಂದು ಬೀದಿಯ ಒಂದೇ ಸಾಲಿನಲ್ಲಿ 50ಕ್ಕಿಂತ ಹೆಚ್ಚು, 500ಕ್ಕಿಂತ ಕಡಿಮೆ ಮನೆಗಳು. ಒಂದರಿಂದ ಕ್ರಮವಾಗಿ ಅವಕ್ಕೆ ನಂಬರು. ಒಂದು ಮನೆಯ ಎಡಗಡೆಯ ಎಲ್ಲಾ ನಂಬರು ಕೂಡಿದರೆ ಬಲಗಡೆಯ ಎಲ್ಲಾ ನಂಬರಿನ ಮೊತ್ತಕ್ಕೆ ಸಮ. ಹಾಗಾದರೆ ಆ ಮನೆ ಯಾವುದು? ಮಹಲನೋಬಿಸ್ ಸ್ವಲ್ಪ ಹೊತ್ತು ಅಂಕಿ ಹಾಕಿ ನೋಡಿ ಉತ್ತರ ಕಂಡುಕೊಂಡಿದ್ದರು. ರಾಮಾನುಜನ್ ಸೌಟು ಕೆಳಗಿಡದೆ, ಈ ಒಂದು ಬೀದಿಗಲ್ಲ, ಇಂಥ ಎಲ್ಲಾ ಬೀದಿಗಳಿಗೂ ಆಗುವ ಉತ್ತರ ಹೇಳಿಬಿಟ್ಟರು. ನಂಬರು 204, ಒಟ್ಟು ಮನೆ 288. ಎರಡೂ ಕಡೆ 20,706 ಬರುತ್ತದೆ. ನಾನು ಕೂಡಿ ನೋಡಿದ್ದೇನೆ, ನೀವೂ ನೋಡಿ.

1915ರಲ್ಲಿ ಭೌತಶಾಸ್ತ್ರದಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿ ರಜೆಗೆಂದು ಊರಿಗೆ ಹೊರಟರು. ಮಹಾಯುದ್ಧದ ಕಾಲ, ಹಡಗು ಹೊರಡುವುದು ತಡವಾಯಿತು. ಆ ಬಿಡುವಿನಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತಿದ್ದಾಗ ಅವರ ಟ್ಯೂಟರ್ ಆಗಿದ್ದ ಮೆಕಾಲೆ ಎಂಬವರು ಬಯೋಮೆಟ್ರಿಕಾ ಎಂಬ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಜೀವಿಗಳನ್ನು ಅಳೆದು ಅಂಕಿಗಳ ಮೂಲಕ ಅರಿಯುವ ಹೊಸ ವಿದ್ಯೆ ಅದರಲ್ಲಿತ್ತು. ಮಹಲನೋಬಿಸ್ ಆ ಸಂಪುಟಗಳನ್ನೆಲ್ಲ ಕೊಂಡು ಹಡಗಿನಲ್ಲಿ ಓದಲು ಶುರು ಮಾಡಿದರು. ಕಲ್ಕತ್ತೆ ಮುಟ್ಟುವ ಹೊತ್ತಿಗೆ ಹೊಸ ಹುಚ್ಚು ಹಿಡಿದಿತ್ತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸ್ವಲ್ಪ ದಿನ ಪಾಠ ಮಾಡಿ ಎಂದು ಕೇಳಿದ್ದಕ್ಕೆ ಒಪ್ಪಿಕೊಂಡರು. ಸಂಶೋಧನೆಗೆ ಕೇಂಬ್ರಿಡ್ಜ್‌ಗೆ ಮರಳುವ ಯೋಜನೆ ಅಲ್ಲಿಗೇ ನಿಂತಿತು. ಹೊಟ್ಟೆಪಾಡಿಗೆ ಭೌತಶಾಸ್ತ್ರ, ಉಳಿದ ಹೊತ್ತೆಲ್ಲ ಸಂಖ್ಯಾಶಾಸ್ತ್ರ.

ಅವರಿಗೆ ಮೊದಲು ಕೆಲಸ ಕೊಟ್ಟವರಲ್ಲಿ ತತ್ವಶಾಸ್ತ್ರದ ಪಂಡಿತ ಬ್ರಜೇಂದ್ರನಾಥ ಸೀಲ್ ಒಬ್ಬರು. ಕಲ್ಕತ್ತಾ ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶಗಳನ್ನು ಅಂಕಿ ಅಂಶದಿಂದ ಪರಿಶೀಲಿಸಿಕೊಡಲು ಅವರು ಕೇಳಿದರು. ಇದೇ ಸೀಲ್ ಅವರು 1921ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. ಇನ್ನೊಂದೆಡೆ ರವೀಂದ್ರನಾಥ ಠಾಕೂರರ ಒಡನಾಟ. 1921ರಿಂದ ಹತ್ತು ವರ್ಷ ಮಹಲನೋಬಿಸ್ ವಿಶ್ವಭಾರತಿಯ ಕಾರ್ಯದರ್ಶಿಯಾಗಿದ್ದರು. 1923ರಲ್ಲಿ ನಿರ್ಮಲಕುಮಾರಿ ಅವರೊಂದಿಗೆ ಮದುವೆಯಾಯಿತು. ಹುಡುಗಿಯ ತಂದೆಗೆ ಈ ಸಂಬಂಧ ಪೂರ್ತಿ ಒಪ್ಪಿಗೆ ಇರಲಿಲ್ಲ, ಸೋದರಮಾವ ನಿಂತು ಮದುವೆ ಮಾಡಿಸಿದರು.

ನೀರಿನ ವಿಷಯದಲ್ಲಿ ಅವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. 1922ರಲ್ಲಿ ಉತ್ತರ ಬಂಗಾಳದಲ್ಲಿ ದೊಡ್ಡ ಪ್ರವಾಹ ಬಂತು. ನೀರನ್ನು ತಡೆದು ನಿಲ್ಲಿಸಲು ಭಾರಿ ಖರ್ಚಿನಲ್ಲಿ ಜಲಾಶಯಗಳನ್ನು ಕಟ್ಟಬೇಕೆಂದು ಎಂಜಿನಿಯರುಗಳು ಹೇಳಿದರು. ಮಹಲನೋಬಿಸ್ ಸುಮಾರು ಐವತ್ತು ವರ್ಷಗಳ ಮಳೆ ಮತ್ತು ಪ್ರವಾಹದ ಅಂಕಿಗಳನ್ನು ಕಲೆಹಾಕಿ, ಅದರಿಂದ ಪ್ರಯೋಜನವಿಲ್ಲ, ನೀರು ಬೇಗ ಹರಿದು ಹೋಗಲು ದಾರಿ ಮಾಡಬೇಕು ಎಂದು ತೋರಿಸಿದರು. 1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿ ಉಕ್ಕಿತು. ನದಿಯ ತಳವೇ ಒಂದಡಿ ಮೇಲೆ ಬಂದಿದೆ, ಒಡ್ಡುಗಳನ್ನು ಎತ್ತರಿಸಬೇಕು ಎಂದು ತಜ್ಞರ ಸಮಿತಿ ಹೇಳಿತು. ಇವರು ಅರವತ್ತು ವರ್ಷಗಳ ಲೆಕ್ಕ ತೆಗೆದು, ತಳ ಮೇಲೆ ಬಂದೇ ಇಲ್ಲ ಎಂದರು. ಬಂದದ್ದು ಮೇಲ್ಭಾಗದ ಮಳೆಯ ನೀರು, ಅಣೆಕಟ್ಟು ಬೇಕಾದದ್ದು ಅಲ್ಲಿ. ಮಹಾನದಿಯ ಬಗ್ಗೆ ಅವರು ಮಾಡಿದ ಲೆಕ್ಕಾಚಾರ ಮುಂದೆ 1957ರಲ್ಲಿ ಪೂರ್ಣಗೊಂಡ ಹಿರಾಕುಡ್ ಅಣೆಕಟ್ಟೆಗೆ ನೆರವಾಯಿತು. ಎಂಜಿನಿಯರುಗಳ ಮುಂದೆ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಹಳೇ ರಿಜಿಸ್ಟರು ಹಿಡಿದು ನಿಂತು ಗೆದ್ದರು.

ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಅವರ ಕೋಣೆಗೆ ಆಸಕ್ತರು ಬಂದು ಸೇರತೊಡಗಿದರು. 1931ರ ಡಿಸೆಂಬರ್ 17ರಂದು ಸಭೆ ಸೇರಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಲು ತೀರ್ಮಾನಿಸಿದರು. 1932ರ ಏಪ್ರಿಲ್‌ನಲ್ಲಿ ನೋಂದಣಿಯಾಯಿತು. ಮೊದಲ ವರ್ಷದ ಖರ್ಚು 238 ರೂಪಾಯಿ. ಮರುವರ್ಷ ಸಂಖ್ಯಾ ಎಂಬ ಪತ್ರಿಕೆ ಶುರುವಾಯಿತು. 1936ರಲ್ಲಿ ಪ್ರಕಟವಾದ ಅವರ ಒಂದು ಅಳತೆಗೆ ಇಂದಿಗೂ ಲೋಕವೆಲ್ಲ ಮಹಲನೋಬಿಸ್ ದೂರ ಎನ್ನುತ್ತದೆ. ಎತ್ತರ, ತಲೆಯ ಅಗಲ ಮುಂತಾದ ಅನೇಕ ಅಳತೆಗಳನ್ನು ಒಟ್ಟಿಗೆ ಇಟ್ಟುಕೊಂಡು ಎರಡು ಗುಂಪುಗಳು ಎಷ್ಟು ಹತ್ತಿರ, ಎಷ್ಟು ದೂರ ಎಂದು ಹೇಳುವ ಸೂತ್ರ ಅದು. ನಮ್ಮ ಪಿಯುಸಿ ಪಠ್ಯದಲ್ಲಿ ಇಲ್ಲ, ಅದಕ್ಕಾಗಿ ಶುಕ್ರ್!

ಈಗ ಸೆಣಬಿನ ಕಥೆ. ಬಂಗಾಳದ ಸೆಣಬು ಆ ಕಾಲದ ದೊಡ್ಡ ವ್ಯಾಪಾರ. ಈ ವರ್ಷ ಎಷ್ಟು ಬೆಳೆ ಬರುತ್ತದೆ ಎಂಬ ಅಂದಾಜಿನ ಮೇಲೆ ರೈತನ ಬೆಲೆ, ಗಿರಣಿಯ ಲಾಭ ಎರಡೂ ನಿಂತಿದ್ದವು. ಆದರೆ ಅಂದಾಜು ಕಟ್ಟುವುದು ಹೇಗೆ? ನಮ್ಮ ಕಡೆ ಊರಿಗೊಬ್ಬ ಶಾನುಭೋಗ, ಅವನ ಬಳಿ ಪಹಣಿ ಲೆಕ್ಕ ಇರುತ್ತಿತ್ತು. ಬಂಗಾಳದಲ್ಲಿ ಕಂದಾಯವನ್ನು ಜಮೀನ್ದಾರರಿಗೆ ಶಾಶ್ವತವಾಗಿ ಗೊತ್ತುಮಾಡಿಬಿಟ್ಟಿದ್ದರಿಂದ, ಯಾವ ಗದ್ದೆಯಲ್ಲಿ ಏನು ಬೆಳೆದಿದೆ ಎಂದು ವರ್ಷವರ್ಷ ಬರೆದಿಡುವ ಅಗತ್ಯ ಸರ್ಕಾರಕ್ಕೆ ಬಿದ್ದಿರಲಿಲ್ಲ. ಎಲ್ಲಾ ಕಣ್ಣಂದಾಜು.

ಮಹಲನೋಬಿಸ್ ಮಾದರಿ ಸಮೀಕ್ಷೆ ಸಾಕು ಎಂದರು. ಎಲ್ಲಾ ಗದ್ದೆ ಬೇಡ, ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವು ತುಂಡುಗಳನ್ನು ಮಾತ್ರ ಸರಿಯಾಗಿ ನೋಡೋಣ. ಇದನ್ನು ವಿವರಿಸುವಾಗ ಎಲ್ಲರೂ ಒಂದು ಅಗುಳು ಹಿಸುಕಿ ನೋಡುವ ಉದಾಹರಣೆ ಕೊಡುತ್ತಾರೆ. ನನಗೆ ಅದು ಅರ್ಧ ಸರಿ ಅನಿಸುತ್ತದೆ. ನಮ್ಮ ಮಾಮು ಮದುವೆಗಳಲ್ಲಿ ಬಿರಿಯಾನಿ ಮಾಡಿಸುತ್ತಾರೆ. ದೇಗ್ ತೆರೆದ ಬಾವರ್ಚಿ ಮೇಲಿನ ಅನ್ನವನ್ನು ನೋಡಿ ಸುಮ್ಮನಾಗುವುದಿಲ್ಲ. ಝಾರವನ್ನು ಅಂಚಿನಿಂದ ತಳದವರೆಗೆ ಇಳಿಸಿ ಅಲ್ಲಿಂದಲೂ ಎತ್ತಿ ನೋಡುತ್ತಾನೆ. ಏಕೆಂದರೆ ಮೇಲಿನ ಅನ್ನ ಬೇರೆ, ತಳದ ಅನ್ನ ಬೇರೆ. ಕೈಗೆ ಸುಲಭವಾಗಿ ಸಿಕ್ಕಿದ್ದನ್ನು ತೆಗೆದುಕೊಂಡರೆ ಅದು ಮಾದರಿ ಅಲ್ಲ.

1937ರಲ್ಲಿ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ, ವರ್ಷದಿಂದ ವರ್ಷಕ್ಕೆ ಹಿಗ್ಗಿಸುತ್ತಾ 1941ಕ್ಕೆ ಇಡೀ ಪ್ರಾಂತ್ಯಕ್ಕೆ ವಿಸ್ತರಿಸಿದರು. ಕೆಲಸಗಾರರು ಒಂದು ಗದ್ದೆಯಿಂದ ಇನ್ನೊಂದಕ್ಕೆ ನಡೆಯಲು ಎಷ್ಟು ಹೊತ್ತು, ಅಳೆಯಲು ಎಷ್ಟು ಹೊತ್ತು ಎಂಬುದನ್ನೂ ಬರೆಸಿಕೊಂಡು, ಇಷ್ಟು ಹಣಕ್ಕೆ ತಪ್ಪು ಎಷ್ಟು ಕಡಿಮೆ ಮಾಡಬಹುದು ಎಂದು ಲೆಕ್ಕ ಹಾಕಿದರು. ನಾವು ವೆಚ್ಚ ಲೆಕ್ಕ ಎಂದು ಕಾರ್ಖಾನೆಗೆ ಮಾತ್ರ ಓದುತ್ತೇವೆ, ಅವರು ಅದನ್ನು ಕೆಸರು ಗದ್ದೆಗೆ ಇಳಿಸಿದರು. ಸರ್ಕಾರ ಗದ್ದೆಗದ್ದೆಯನ್ನೂ ಎಣಿಸುವ ಪೂರ್ಣ ಗಣತಿಯನ್ನೂ ಮಾಡಿಸಿತು. ವ್ಯಾಪಾರದ ಲೆಕ್ಕದೊಂದಿಗೆ ಹೋಲಿಸಿದಾಗ ಮಾದರಿಯ ಅಂಕಿ ಹತ್ತಿರ ಬಂತು. ಪೂರ್ಣ ಗಣತಿಯದು ಬಹಳ ಕಡಿಮೆ ಬಿತ್ತು. ಖರ್ಚು ಮಾತ್ರ ಮಾದರಿಗೆ ಗಣತಿಯ ಹತ್ತನೇ ಒಂದು ಭಾಗದಷ್ಟು.

ಎಲ್ಲವನ್ನೂ ಎಣಿಸಿದ್ದು ತಪ್ಪಾಗಿ, ಸ್ವಲ್ಪ ಎಣಿಸಿದ್ದು ಸರಿಯಾದದ್ದು ಹೇಗೆ? ಸಾವಿರಾರು ಜನರನ್ನು ತಾತ್ಕಾಲಿಕವಾಗಿ ನೇಮಿಸಿಕೊಂಡರೆ ಅವರಲ್ಲಿ ಎಷ್ಟೋ ಮಂದಿ ಗದ್ದೆಗೆ ಹೋಗದೆಯೇ ಫಾರ್ಮ್ ತುಂಬುತ್ತಾರೆ. ಈ ವಾಕ್ಯ ಬರೆಯುವಾಗ ನನ್ನ ಕೈ ಸ್ವಲ್ಪ ನಡುಗಿತು. ಕಳೆದ ವರ್ಷ ಪ್ರಾಜೆಕ್ಟ್‌ಗಾಗಿ ನಮ್ಮ ಮೊಹಲ್ಲಾದ ಐವತ್ತು ಮನೆಗಳ ತಿಂಗಳ ಖರ್ಚು ಕೇಳಿ ಬರೆಯಬೇಕಿತ್ತು. ಮೂವತ್ತಾರು ಮನೆಗೆ ಹೋದೆ. ಉಳಿದ ಹದಿನಾಲ್ಕನ್ನು ಮಳೆ ನೆಪ ಮಾಡಿಕೊಂಡು ನಮ್ಮ ಮನೆಯ ಜಗುಲಿಯಲ್ಲೇ ಕುಳಿತು ತುಂಬಿದೆ. ಸರಾಸರಿಗೆ ಹತ್ತಿರವಿರುವ ಅಂಕಿಗಳನ್ನೇ ಹಾಕಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ, ಪೂರ್ತಿ ಅಂಕ ಬಂತು.

ಮಹಲನೋಬಿಸ್ ಅವರ ಕೈಗೆ ನಾನು ಸಿಕ್ಕಿಬೀಳುತ್ತಿದ್ದೆ. ಅವರು ಒಂದೇ ಪ್ರದೇಶದಲ್ಲಿ ಎರಡು ಮಾದರಿಗಳನ್ನು ಒಂದರೊಳಗೊಂದು ಹೆಣೆದಂತೆ ಆರಿಸಿ ಎರಡು ಬೇರೆ ಬೇರೆ ತಂಡಗಳಿಗೆ ಕೊಡುತ್ತಿದ್ದರು. ಒಂದು ತಂಡಕ್ಕೂ ಇನ್ನೊಂದಕ್ಕೂ ಸಂಪರ್ಕವಿಲ್ಲ. ಕೊನೆಗೆ ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ತೀರಾ ಬೇರೆ ಬಂದರೆ ಎಲ್ಲೋ ಯಾರೋ ಸರಿಯಾಗಿ ಕೆಲಸ ಮಾಡಿಲ್ಲ. ಅವರ ಸೂತ್ರಗಳಿಗಿಂತ ಈ ಸಂಶಯದ ಬುದ್ಧಿಯೇ ದೊಡ್ಡದು ಎಂದು ನನಗೆ ಅನಿಸುತ್ತದೆ. ತಮ್ಮದೇ ಅಂಕಿಗಳನ್ನು ನಂಬದೆ, ಅವುಗಳ ಮೇಲೆ ತಾವೇ ಕಾವಲು ಹಾಕಿದರು.

1943ರ ಬಂಗಾಳದ ಬರಗಾಲದ ನಂತರ, ಎಷ್ಟು ಕುಟುಂಬಗಳು ಭೂಮಿ ಮಾರಿಕೊಂಡವು, ಎತ್ತು ಕಳೆದುಕೊಂಡವು ಎಂದು ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿದರು. ಕಾರ್ಮಿಕ ಕುಟುಂಬಗಳ ಮನೆಖರ್ಚಿನ ಸಮೀಕ್ಷೆಗಳನ್ನೂ ಅವರ ಸಂಸ್ಥೆ ಮಾಡುತ್ತಿತ್ತು. ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಉಪ್ಪು ತಿನ್ನುತ್ತಾನೆ ಎಂಬುದು ಇಂಥ ಸಮೀಕ್ಷೆಗಳಿಂದ ತಿಳಿಯುತ್ತದೆ. ಇದು ಯಾವ ದೊಡ್ಡ ವಿಷಯ ಎಂದು ಕೇಳಬೇಡಿ, ಮುಂದಿನದನ್ನು ಓದಿ.

1947ರಲ್ಲಿ ದೆಹಲಿಯಲ್ಲಿ ಕೋಮು ಗಲಭೆ ನಡೆದಾಗ ಅಲ್ಪಸಂಖ್ಯಾತರು, ಎಂದರೆ ನಮ್ಮವರು, ಜೀವ ಉಳಿಸಿಕೊಳ್ಳಲು ಕೆಂಪುಕೋಟೆಯಲ್ಲಿ ಮತ್ತು ಹುಮಾಯೂನನ ಸಮಾಧಿಯ ಆವರಣದಲ್ಲಿ ಆಶ್ರಯ ಪಡೆದರು. ಅವರಿಗೆ ಊಟ ಕೊಡುವ ಹೊಣೆ ಸರ್ಕಾರದ್ದು. ಸರ್ಕಾರ ಅದನ್ನು ಗುತ್ತಿಗೆದಾರರಿಗೆ ವಹಿಸಿತು. ಒಳಗೆ ಎಷ್ಟು ಜನರಿದ್ದಾರೆಂದು ಎಣಿಸುವ ಸ್ಥಿತಿ ಇರಲಿಲ್ಲ. ಗುತ್ತಿಗೆದಾರರು ಕಳಿಸಿದ ಬಿಲ್ಲಿಗೆ ಹಣ ಕೊಡಬೇಕು, ಬಿಲ್ಲು ನೋಡಿದರೆ ಬೊಕ್ಕಸವೇ ಖಾಲಿಯಾಗುವಂತಿದೆ. ಆಗ ಸಂಖ್ಯಾಶಾಸ್ತ್ರಜ್ಞರನ್ನು ಕೇಳಿದರು. ದಾರಿ ಹೊಳೆದದ್ದು ಮಹಲನೋಬಿಸ್ ಅವರಿಗಲ್ಲ, ಅವರ ಸಂಸ್ಥೆಯಲ್ಲಿ ಬಹುಕಾಲ ಇದ್ದ ಜೆ. ಎಂ. ಸೇನ್‌ಗುಪ್ತಾ ಅವರಿಗೆ. ಸಿ. ಆರ್. ರಾವ್ ಅವರು ತಮ್ಮ ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರೂತ್ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ.

ಬಿಲ್ಲಿನಲ್ಲಿ ಅಕ್ಕಿ, ಬೇಳೆ, ಉಪ್ಪು ಎಷ್ಟೆಂದು ಇರುತ್ತದೆ. ಒಬ್ಬರಿಗೆ ದಿನಕ್ಕೆ ಬೇಕಾದ ಪ್ರಮಾಣದಿಂದ ಭಾಗಿಸಿದರೆ ಜನರ ಸಂಖ್ಯೆ ಬರಬೇಕು. ತಿಳಿಯಲಿ ಎಂದು ನಾನೇ ಹಾಕಿಕೊಂಡ ಅಂಕಿಗಳಿವು: ಬಿಲ್ಲಿನಲ್ಲಿ 10,000 ಕಿಲೋ ಅಕ್ಕಿ, ಒಬ್ಬರಿಗೆ ಅರ್ಧ ಕಿಲೋ, ಅಂದರೆ 20,000 ಜನ. ಬೇಳೆ 800 ಕಿಲೋ, ಒಬ್ಬರಿಗೆ 50 ಗ್ರಾಂ, ಅಂದರೆ 16,000 ಜನ. ಉಪ್ಪು 180 ಕಿಲೋ, ಒಬ್ಬರಿಗೆ 15 ಗ್ರಾಂ, ಅಂದರೆ 12,000 ಜನ. ಒಂದೇ ಕೋಟೆ, ಒಂದೇ ದಿನ, ಮೂರು ಉತ್ತರ. ನಿಜವಾದ ಬಿಲ್ಲುಗಳಲ್ಲೂ ಇದೇ ಕ್ರಮ ಕಂಡಿತು. ಅಕ್ಕಿಯಿಂದ ಬಂದ ಸಂಖ್ಯೆ ಎಲ್ಲಕ್ಕಿಂತ ದೊಡ್ಡದು, ಉಪ್ಪಿನಿಂದ ಬಂದದ್ದು ಎಲ್ಲಕ್ಕಿಂತ ಚಿಕ್ಕದು. ಅಕ್ಕಿ ದುಬಾರಿ, ಅದರಲ್ಲಿ ಸುಳ್ಳು ಬರೆದರೆ ಲಾಭವಿದೆ. ಉಪ್ಪು ಅಗ್ಗ, ಅದರಲ್ಲಿ ಸುಳ್ಳು ಬರೆದು ಸಿಗುವುದೇನು? ಉಪ್ಪಿನ ಸಂಖ್ಯೆಯನ್ನೇ ನಂಬಿ ಎಂದು ತಜ್ಞರು ಹೇಳಿದರು. ಚಿಕ್ಕ ಶಿಬಿರವಾದ ಹುಮಾಯೂನನ ಸಮಾಧಿಯಲ್ಲಿ ಬೇರೆ ರೀತಿಯಿಂದ ಸಿಕ್ಕ ಅಂದಾಜಿನೊಂದಿಗೆ ಹೋಲಿಸಿದಾಗ ಉಪ್ಪಿನ ಲೆಕ್ಕ ಸರಿಯಾಗಿಯೇ ಇತ್ತು.

ಇದನ್ನು ಅಬ್ಬಾಗೆ ಉರ್ದುವಿನಲ್ಲಿ ಹೇಳಿದೆ. ಅವರದು ಕಿರಾಣಿ ಅಂಗಡಿ. ಅವರು ಪೂರ್ತಿ ಕೇಳುವ ಮೊದಲೇ ನಕ್ಕರು. ದಾದಾ ಕಾಲದಲ್ಲಿ ರಾತ್ರಿ ಅಂಗಡಿ ಮುಚ್ಚುವಾಗ ಉಪ್ಪಿನ ಮೂಟೆಯನ್ನು ಒಳಗೆ ಎಳೆಯುತ್ತಿರಲಿಲ್ಲವಂತೆ, ಹೊರಗೇ ಬಿಡುತ್ತಿದ್ದರಂತೆ. ಯಾರೂ ಮುಟ್ಟುತ್ತಿರಲಿಲ್ಲ. ಅಮ್ಮಿ ಮಾತ್ರ ನಗಲಿಲ್ಲ. ಕೋಟೆಯೊಳಗೆ ಹಸಿದು ಕುಳಿತವರ ಹೆಸರಿನಲ್ಲೂ ಕಳ್ಳ ಬಿಲ್ಲು ಬರೆದರೇ ಎಂದು ಎರಡು ಸಲ ಕೇಳಿದರು.

ಸ್ವಾತಂತ್ರ್ಯದ ನಂತರ ಬಡ ದೇಶವೊಂದಕ್ಕೆ ತನ್ನ ಬಡತನ ಎಷ್ಟು ಎಂಬುದೇ ಗೊತ್ತಿರಲಿಲ್ಲ. 1949ರಲ್ಲಿ ಮಹಲನೋಬಿಸ್ ಕೇಂದ್ರ ಸಚಿವ ಸಂಪುಟದ ಗೌರವ ಸಂಖ್ಯಾಶಾಸ್ತ್ರ ಸಲಹೆಗಾರರಾದರು, ರಾಷ್ಟ್ರೀಯ ಆದಾಯ ಸಮಿತಿಯ ಅಧ್ಯಕ್ಷರೂ ಆದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಹುಟ್ಟಿತು, ಅಕ್ಟೋಬರ್‌ನಲ್ಲಿ ಮೊದಲ ಸುತ್ತು ಶುರುವಾಯಿತು. ಚೀಟಿಯಲ್ಲಿ ಬಂದ ಹಳ್ಳಿ ಕಾಡಿನಲ್ಲಿರಲಿ, ಬೆಟ್ಟದ ಮೇಲಿರಲಿ, ಹೋಗಲೇಬೇಕು. ಹತ್ತಾರು ಭಾಷೆ, ಊರಿಗೊಂದು ತೂಕ, ಊರಿಗೊಂದು ಅಳತೆ. ನಮ್ಮ ಕಡೆಯ ಸೇರು, ಪಾವು, ಕೊಳಗಗಳೇ ಒಂದೂರಿನಂತೆ ಇನ್ನೊಂದೂರಿನಲ್ಲಿ ಇರುತ್ತಿರಲಿಲ್ಲ. ಎಲ್ಲವನ್ನೂ ಒಂದೇ ಅಳತೆಗೆ ತರಬೇಕಿತ್ತು. ಇಂದು ಬಡತನದ ಪ್ರಮಾಣ, ನಿರುದ್ಯೋಗ ಎಂದು ಪತ್ರಿಕೆಯಲ್ಲಿ ಬರುವ ಅಂಕಿಗಳ ಬೇರು ಅಲ್ಲಿದೆ. ಕಾರ್ಖಾನೆಗಳ ಕಡೆಗೂ ಈ ವಿದ್ಯೆ ಹೋಯಿತು. ಅಮೆರಿಕದ ವಾಲ್ಟರ್ ಶ್ಯೂಹಾರ್ಟ್ ಅವರನ್ನು ಕರೆಸಿ, ತಯಾರಾಗುವ ಸರಕಿನ ಗುಣಮಟ್ಟವನ್ನು ಮಾದರಿಯಿಂದ ಪರೀಕ್ಷಿಸುವ ಕ್ರಮವನ್ನು ನಮ್ಮ ಉದ್ದಿಮೆಗಳಿಗೆ ಪರಿಚಯಿಸಿದರು. ಸಂಸ್ಥೆಯ ಬೆಂಗಳೂರು ಕೇಂದ್ರ ಇಂದಿಗೂ ಮೈಸೂರು ರಸ್ತೆಯಲ್ಲಿದೆ.

ನಮ್ಮ ನಾಡಿಗೆ ಇನ್ನೊಂದು ನಂಟೂ ಇದೆ. ಮೇಲೆ ಹೇಳಿದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನ ಹಡಗಲಿಯಲ್ಲಿ. ಯುದ್ಧಕಾಲದ ಒಂದು ಕೆಲಸಕ್ಕಾಗಿ ಕಲ್ಕತ್ತೆಗೆ ಹೋದವರಿಗೆ ಆ ಕೆಲಸ ಸಿಗಲಿಲ್ಲ. ತಂಗಿದ್ದ ಹೋಟೆಲಿನಲ್ಲಿ ಮಹಲನೋಬಿಸ್ ಅವರ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದ ಯುವಕನೊಬ್ಬ ಸಿಕ್ಕ. 1941ರ ಜನವರಿಯಲ್ಲಿ ರಾವ್ ಅಲ್ಲಿ ಸೇರಿದರು, ಮುಂದೆ ಲೋಕಪ್ರಸಿದ್ಧರಾದರು. ಗುರು ರೈಲು ತಪ್ಪಿಸಿಕೊಂಡು ದಾರಿ ಕಂಡರು, ಶಿಷ್ಯ ಕೆಲಸ ತಪ್ಪಿಸಿಕೊಂಡು.

ಎಲ್ಲವೂ ಹೊಗಳಿಕೆ ಆಗಬಾರದು. ಮಹಲನೋಬಿಸ್ ಸಂಸ್ಥೆಯನ್ನು ಒಂದೇ ಕೈಯಲ್ಲಿ ಹಿಡಿದು ನಡೆಸಿದವರು. 1957ರಲ್ಲಿ ಬಂದು ಸೇರಿದ ಹೆಸರಾಂತ ಜೀವವಿಜ್ಞಾನಿ ಹಾಲ್ಡೇನ್, ಅವರೊಂದಿಗೆ ಹೊಂದಿಕೆಯಾಗದೆ 1961ರಲ್ಲಿ ಬಿಟ್ಟು ಹೋದರು. ಇನ್ನು 1956ರಿಂದ 1961ರವರೆಗಿನ ಎರಡನೇ ಪಂಚವಾರ್ಷಿಕ ಯೋಜನೆ. ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಮಹಲನೋಬಿಸ್ ಮಾದರಿ ಎಂದು ಬರುವುದು ಇದೇ. ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗೆ, ಉಕ್ಕಿಗೆ ಮೊದಲು ಹಣ ಹಾಕಿದರೆ ಮುಂದೆ ಬೆಳವಣಿಗೆ ಜೋರಾಗುತ್ತದೆ ಎಂಬುದು ಅದರ ತಿರುಳು. ಬಿ. ಆರ್. ಶೆಣೈ ಅವರು 1955ರಲ್ಲೇ ಭಿನ್ನಮತದ ಟಿಪ್ಪಣಿ ಬರೆದು ಎಚ್ಚರಿಸಿದ್ದರು. ವಕೀಲ್ ಮತ್ತು ಬ್ರಹ್ಮಾನಂದ ಎಂಬ ಅರ್ಥಶಾಸ್ತ್ರಜ್ಞರು ಕೂಲಿಕಾರನಿಗೆ ಮೊದಲು ಅನ್ನ, ಬಟ್ಟೆ ಬೇಕು ಎಂದರು. 1957ರಲ್ಲಿ ವಿದೇಶಿ ವಿನಿಮಯ ಬರಿದಾಗುತ್ತಾ ಬಂದು ಯೋಜನೆಯನ್ನು ಮೊಟಕುಗೊಳಿಸಬೇಕಾಯಿತು. ಸೆಣಬಿನ ಗದ್ದೆಗೆ ಎರಡು ತಂಡ ಕಳಿಸಿದವರು, ಇಡೀ ದೇಶದ ಯೋಜನೆಗೂ ಎದುರು ತಂಡದ ಉತ್ತರವನ್ನು ಪಕ್ಕದಲ್ಲಿಟ್ಟು ನೋಡಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ನಮ್ಮ ಅರ್ಥಶಾಸ್ತ್ರ ಮೇಡಂ ಒಪ್ಪುವುದಿಲ್ಲ. ಉಕ್ಕಿನ ಕಾರ್ಖಾನೆ, ಎಂಜಿನಿಯರುಗಳು ಎಲ್ಲಿಂದ ಬಂದರು ಎಂದು ಕೇಳುತ್ತಾರೆ. ಚರ್ಚೆ ಇನ್ನೂ ಮುಗಿದಿಲ್ಲ.

1956ರಲ್ಲಿ ಇಂಗ್ಲೆಂಡಿನಿಂದ ಒಂದು ಕಂಪ್ಯೂಟರ್ ಅವರ ಸಂಸ್ಥೆಗೆ ಬಂತು, ಭಾರತಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರ್ ಅದು. 238 ರೂಪಾಯಿಯ ಸಂಸ್ಥೆಯನ್ನು 1959ರಲ್ಲಿ ಸಂಸತ್ತು ಕಾಯ್ದೆ ಮಾಡಿ ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸಿತು. ಅವರು 1945ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿದ್ದರು, 1968ರಲ್ಲಿ ಪದ್ಮವಿಭೂಷಣ ಬಂತು. 1972ರ ಜೂನ್ 28ರಂದು ತೀರಿಕೊಂಡರು. ಮರುದಿನಕ್ಕೆ 79 ತುಂಬುತ್ತಿತ್ತು.

ಈ ಲೇಖನ ಬರೆಯಲು ಶುರು ಮಾಡಿದ ಮೇಲೆ ಸರ್ ಬಳಿ ಹೋಗಿ ಆ ಹದಿನಾಲ್ಕು ಫಾರ್ಮ್‌ಗಳ ವಿಷಯ ಹೇಳಿದೆ. ಅವರು ಬೈಯಲಿಲ್ಲ, ಮತ್ತೆ ಹೋಗಿ ಬಾ ಎಂದರು. ಈ ಸಲ ಹದಿನಾಲ್ಕೂ ಮನೆಗೆ ನಾನು ಒಂದು ದಿನ, ನನ್ನ ಗೆಳೆಯ ಇನ್ನೊಂದು ದಿನ, ಒಬ್ಬರ ಕಾಗದ ಇನ್ನೊಬ್ಬರು ನೋಡದೆ ಹೋಗಿ ಬಂದೆವು. ಹನ್ನೊಂದು ಮನೆಗಳಲ್ಲಿ ಇಬ್ಬರ ಉತ್ತರವೂ ಹೊಂದಿಕೆಯಾಗಿದೆ. ಮೂರರಲ್ಲಿ ಆಗಿಲ್ಲ. ಶುಕ್ರವಾರ ನಮಾಜ್ ಆದ ಮೇಲೆ ಇಬ್ಬರೂ ಸೇರಿ ಆ ಮೂರು ಮನೆಗಳ ಬಾಗಿಲು ತಟ್ಟಬೇಕು.